ಗಂಗೆಹಾಲು

ಬಾವಿಸಂದ್ರದಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ತನಕ ಯಾರಿಗೂ ಮಾತಿಗೆ ಬಿಡುವಿರುವುದಿಲ್ಲ. ಕಾಮಸಮುದ್ರದ ರಸ್ತೆಯಿಂದ ಒಳಗಿರುವ ಆ ಊರಿನಲ್ಲಿ ಸೀಮೆಹಸು ಇಲ್ಲದ ಮನೆಯನ್ನು ಹುಡುಕಬೇಕು. ಅಂದು ಮುನಿಗಂಗಮ್ಮನ ಹಸುಗಳಲ್ಲಿ ಒಂದು ಈದು ಎರಡನೆಯ ದಿನ. ಆಕೆ ಉಳಿದ ಹಸುಗಳ ಹಾಲಿನ ಕ್ಯಾನನ್ನು ಮಗ ಚಿರಂಜೀವಿಯ ಬೈಕಿಗೆ ಕಟ್ಟಿ ಕಳಿಸಿ, ಕೊಟ್ಟಿಗೆಯ ಸಗಣಿಯನ್ನು ಮಂಕರಿಗೆ ಬಾಚಿ, ಮೇಲೊಂದು ಬೇವಿನ ಎಸಳನ್ನಿಟ್ಟು, ತಲೆಯ ಮೇಲೆ ಹೊತ್ತು ಗಂಗಮ್ಮನ ಬಾವಿಗೆ ಹೊರಟಳು.

ಅದು ಊರಿನ ಪದ್ಧತಿ. ಹಸು ಈದರೆ ಹತ್ತು ದಿನದ ಸಗಣಿ ಹೊಲಕ್ಕೆ ಹೋಗಬಾರದು, ಅದು ದೇವಿ ಗಂಗಮ್ಮನ ಮೀಸಲು. ಬಾವಿಯ ಪಕ್ಕದ ಗುಂಡಿಗೆ ಸುರಿದು ಕೈಮುಗಿದು ಬರಬೇಕು. ಮುನಿಗಂಗಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಊರಿನಲ್ಲಿದ್ದದ್ದು ಕೆಲವೇ ನಾಟಿ ಹಸುಗಳು, ಗುಂಡಿ ಬಹುಪಾಲು ಒಣಗಿಯೇ ಇರುತ್ತಿತ್ತು. ಆಕೆ ಚೊಚ್ಚಲ ಮಗನನ್ನು ಎತ್ತಿಕೊಂಡು ತವರಿನಿಂದ ಮರಳಿದ ವರ್ಷ ಡೇರಿ ಬಂತು. ಅಲ್ಲಿಂದೀಚೆಗೆ ಒಂದಲ್ಲ ಒಂದು ಮನೆಯಲ್ಲಿ ಹಸು ಈಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗುಂಡಿ ಉಕ್ಕಿ ಬಾವಿಯ ಕಟ್ಟೆಯವರೆಗೂ ಹರಿಯುತ್ತದೆ. ಗುಂಡಿ ತುಂಬಿದರೆ ಊರು ತುಂಬಿದಂತೆ ಎಂದು ಹಿರಿಯರು ಹಿಗ್ಗುತ್ತಾರೆ.

ಹಿಂತಿರುಗುವಾಗ ಆಕೆ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ ತಂದಳು. ಗಂಗೆಹಾಲಿಗೆ ಆ ನೀರೇ ಆಗಬೇಕು. ಒಂದು ಪಾಲು ಹಸುವಿನ ಹಾಲಿಗೆ ಎರಡು ಪಾಲು ಬಾವಿಯ ನೀರು ಬೆರೆಸಿ, ಹುಟ್ಟಿದ ಮಗುವಿಗೆ ಮೂರು ತಿಂಗಳು ತುಂಬುವ ತನಕ ಹೊತ್ತುಹೊತ್ತಿಗೂ ಒಳಲೆಯಲ್ಲಿ ಕುಡಿಸುವುದು ಅಲ್ಲಿನ ವಾಡಿಕೆ. ತಾಯಿಯ ಎದೆಹಾಲು ಎಷ್ಟಾದರೂ ಇರಲಿ, ಅಲ್ಲಿ ಹುಟ್ಟಿ ಗಂಗೆಹಾಲು ಕುಡಿಯದ ಮಗುವನ್ನು ಊರಿನ ಮಗುವೆಂದು ಎಣಿಸುವುದಿಲ್ಲ.

ಆದರೆ ಆ ಬಿಂದಿಗೆಯ ನೀರು ಒಲೆಯ ಪಕ್ಕ ಹಾಗೆಯೇ ಕೂತಿತು. ಸೊಸೆ ಶ್ಯಾಮಲ ಎರಡನೆಯ ಮಗುವನ್ನು ಹೆತ್ತು ತಿಂಗಳು ತುಂಬಿರಲಿಲ್ಲ. ಹೆರಿಗೆಯಾದ ಕೂಡಲೇ ಜ್ವರ ಬಂದು ಎದೆಹಾಲು ಬತ್ತಿತ್ತು. ಆಕೆ ನಲ್ಲಿಯ ನೀರು ಕಾಯಿಸಿ, ಡಬ್ಬದ ಪುಡಿ ಕದಡಿ ಮಗುವಿಗೆ ಕುಡಿಸುತ್ತಿದ್ದಳು. ಬಾವಿಯ ನೀರನ್ನು ಮಾತ್ರ ಬಾಣಂತಿ ಕೋಣೆಯ ಹೊಸಿಲು ದಾಟಿಸಲು ಬಿಡುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಬಾವಿಸಂದ್ರದಲ್ಲಿ ಎರಡನೆಯ ಬಸಿರು ಗಂಗಮ್ಮನದು ಎಂಬ ಮಾತಿದೆ. ಚೊಚ್ಚಲ ಮಗುವಿಗೆ ಏನೂ ಆಗುವುದಿಲ್ಲ. ಎರಡನೆಯದು, ಮೂರನೆಯದು ಹುಟ್ಟಿದಾಗ ಕೆಲವು ಮನೆಗಳಲ್ಲಿ ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಗಂಗಮ್ಮ ಮುಟ್ಟಿದಳು ಎನ್ನುತ್ತಾರೆ. ಹಾಗೆ ಮುಟ್ಟಿದ ಮಗುವನ್ನು ಗಡಿಕಲ್ಲು ದಾಟಿಸಬಾರದು. ಮನೆಯಲ್ಲೇ ಮಲಗಿಸಿ ಬಾವಿಯ ತೀರ್ಥವನ್ನು ಬಿಡದೆ ಕುಡಿಸಬೇಕು. ಕೆಲವು ಮಕ್ಕಳು ಉಳಿಯುತ್ತಾರೆ. ಉಳಿಯದ ಮಗುವಿನ ತಾಯಿಯ ಕಾಲಿಗೆ ಊರಿನ ಹೆಂಗಸರೆಲ್ಲ ಬಿದ್ದು ಅರಿಶಿನ ಹಚ್ಚುತ್ತಾರೆ, ಏಕೆಂದರೆ ದೇವಿ ಬಾಯಿಬಿಟ್ಟು ಬೇಡಿದ ಮಗುವನ್ನು ಅವಳು ಕೊಟ್ಟವಳು.

ಮುನಿಗಂಗಮ್ಮನ ಕಾಲಿಗೂ ಹಾಗೆ ಅರಿಶಿನ ಹಚ್ಚಿದ್ದರು. ಆಕೆಯ ಎರಡನೆಯ ಮಗು ರೂಪ. ನೇರಳೆ ಹಣ್ಣು ತಿಂದ ಬಾಯಿಯಂತೆ ತುಟಿ ಕಪ್ಪಾಗಿ, ಅಳುವುದಕ್ಕೂ ಉಸಿರಿಲ್ಲದೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಮುನಿಗಂಗಮ್ಮ ತನ್ನ ಕೈಯಾರೆ ಕೊನೆಯವರೆಗೂ ತೀರ್ಥ ಹಾಕಿದಳು. ಆಮೇಲೆ ಅತ್ತಳಾದರೂ ಒಳಗೊಂದು ಆಸರೆ ಉಳಿಯಿತು. ಮಗಳು ಸತ್ತಿಲ್ಲ, ಗಂಗಮ್ಮನ ಮಡಿಲಲ್ಲಿದ್ದಾಳೆ. ಹಬ್ಬಹರಿದಿನದಲ್ಲಿ ಬಾವಿಗೆ ಬಗ್ಗಿ, ಯಾರಿಗೂ ಕೇಳದ ಹಾಗೆ, ಚೆನ್ನಾಗಿದ್ದೀಯಾ ಎಂದು ವಿಚಾರಿಸಿ ಬರುತ್ತಿದ್ದಳು. ಇದನ್ನು ಆಕೆ ಗಂಡನಿಗೂ ಹೇಳಿರಲಿಲ್ಲ.

ಶ್ಯಾಮಲ ಈ ಕಡೆಯವಳಲ್ಲ, ಉರಿಗಾಂನವಳು. ಅಪ್ಪ ಸೆಲ್ವರಾಜ್ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. ಮಗಳು ಪರಿಸರ ವಿಜ್ಞಾನ ಓದಿ, ಮದುವೆಗೆ ಮುಂಚೆ ಹಳೆಯ ಗಣಿದಿಬ್ಬಗಳ ಸುತ್ತ ಮಣ್ಣು, ನೀರು, ಧೂಳು ಹಿಡಿದು ಪರೀಕ್ಷೆಗೆ ಕೊಡುವ ಕೆಲಸದಲ್ಲಿದ್ದಳು. ಹಿರಿಯವಳು ಸುಮಿತಾ ತವರಿನಲ್ಲಿ ಹುಟ್ಟಿ, ಐದು ತಿಂಗಳು ತುಂಬಿದ ಮೇಲೆ ಇಲ್ಲಿಗೆ ಬಂದವಳು. ಈ ಸಲ ತವರಿಗೆ ಹೋಗಲು ಅಮ್ಮ ಉಳಿದಿರಲಿಲ್ಲ.

ಹೋದ ವರ್ಷ ಪಕ್ಕದ ಮನೆಯ ಅಂಬಿಕನ ಎರಡನೆಯ ಮಗು ನೀಲಿಗಟ್ಟಿದಾಗ ಶ್ಯಾಮಲ ನೀರಿನಲ್ಲಿ ರೋಗದ ಕ್ರಿಮಿ ಇರಬಹುದೆಂದು ಎಣಿಸಿ, ಬಾವಿಯ ನೀರನ್ನು ಚೆನ್ನಾಗಿ ಕುದಿಸಿ ಕೊಡು ಎಂದಿದ್ದಳು. ಅಂಬಿಕ ಅರ್ಧಕ್ಕೆ ಇಳಿಯುವ ತನಕ ಕುದಿಸಿದಳು. ಮಗು ಇನ್ನೂ ಬೇಗ ಹೋಯಿತು. ಓದಿದವಳ ಮಾತು ಕೇಳಿ ಗಂಗೆಯನ್ನು ಸುಟ್ಟಿದ್ದಕ್ಕೆ ಹೀಗಾಯಿತೆಂದು ಊರು ಆಡಿಕೊಂಡಿತು. ಅಂಬಿಕ ಮಾತ್ರ ಅವಳನ್ನು ದೂರಲಿಲ್ಲ. ಶ್ಯಾಮಲ ಬಹಳ ದಿನ ಆ ಮನೆಯ ಮುಂದೆ ತಲೆ ಎತ್ತಿ ನಡೆಯಲಿಲ್ಲ.

ಆದರೆ ಅವಳು ಯೋಚಿಸುವುದನ್ನು ಬಿಡಲಿಲ್ಲ. ಮೊದಲು ಗಣಿದಿಬ್ಬದ ಧೂಳಿನ ಮೇಲೆ ಅನುಮಾನಪಟ್ಟಿದ್ದಳು. ಆ ದಿಬ್ಬದ ಎದುರಿಗೇ ಹುಟ್ಟಿದ ಉರಿಗಾಂ ಮಕ್ಕಳು ನೀಲಿಗಟ್ಟಿರಲಿಲ್ಲ, ಆದ್ದರಿಂದ ಆ ಅನುಮಾನವನ್ನು ಕೈಬಿಟ್ಟಳು. ಕ್ರಿಮಿಯಾಗಿದ್ದರೆ ಕುದಿಸಿದಾಗ ಕಡಮೆಯಾಗಬೇಕಿತ್ತು, ಹೆಚ್ಚಾಯಿತು. ಹಾಗಾದರೆ ಕುದಿಸಿದಷ್ಟೂ ಗಟ್ಟಿಯಾಗುವಂಥದ್ದು ಆ ನೀರಿನಲ್ಲಿ ಏನಿದೆ? ತುಂಬು ಬಸಿರಿಯಾಗಿ ಮನೆಮನೆಗೂ ಹೋಗಿ, ಯಾವ ಮಗು ಎಲ್ಲಿ ಹುಟ್ಟಿತು, ಎಷ್ಟು ತಿಂಗಳಿಗೆ ಇಲ್ಲಿಗೆ ಬಂತು ಎಂದು ಕೇಳಿದಳು. ಜನಗಣತಿಯವಳು ಬಂದಳು ಎಂದು ಹೆಂಗಸರು ನಕ್ಕರು. ಕೇಳುತ್ತ ಕೇಳುತ್ತ ಅವಳಿಗೆ ದಾರಿ ಕಂಡಿತು. ಚೊಚ್ಚಲ ಹೆರಿಗೆ ಎಲ್ಲರಿಗೂ ತವರಿನಲ್ಲಿ. ಎರಡನೆಯದಕ್ಕೆ ಹಸು ಕರೆಯುವವರಿಲ್ಲವೆಂದು ಗಂಡನ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಸುಮಲತ ಎಂಬವಳೊಬ್ಬಳು ಎರಡನೆಯದನ್ನೂ ಬಂಗಾರಪೇಟೆಯ ತವರಿನಲ್ಲೇ ಹೆತ್ತಿದ್ದಳು. ಆ ಮಗುವಿಗೆ ಏನೂ ಆಗಿರಲಿಲ್ಲ. ದೇವಿ ಎಣಿಸುತ್ತಿದ್ದುದು ಬಸಿರನ್ನಲ್ಲ. ಕೂಸುಗಳು ಮೂರು ತಿಂಗಳೊಳಗೆ ಈ ಬಾವಿಯ ನೀರು ಕುಡಿದವೋ ಇಲ್ಲವೋ, ಅಷ್ಟೇ.

ಮಾವ ಕದಿರಪ್ಪನೇ ಆ ಬಾವಿಯ ಪೂಜೆ ಮಾಡುವವನು. ಅಂದು ಊಟಕ್ಕೆ ಕೂತಾಗ ಒಲೆಯ ಪಕ್ಕದ ಬಿಂದಿಗೆ ಕಂಡು ಅವನಿಗೆ ರೇಗಿತು.

"ಊರಾಗಿರೋ ಮಕ್ಳೆಲ್ಲ ಕುಡ್ದು ಬೆಳ್ದಿರೋ ಆಲು ಅದು. ನೀನು ಪುಡಿ ಡಬ್ಬ ಇಟ್ಕೊಂಡು ಗಂಗಮ್ಮನ ಎದುರಿಗೆ ನಿಂತಿದ್ದೀಯಲ್ಲಮ್ಮ."

"ಎಲ್ಲಾ ಮಕ್ಕಳೂ ಬೆಳೆದಿಲ್ಲ ಮಾವ."

"ಅವಳು ಕೇಳಿದ್ದನ್ನ ತಗೊಂಡವಳೆ. ಎರಡನೇದು ಅವಳ್ದು."

"ನೀವೂ ನಿಮ್ಮಮ್ಮನಿಗೆ ಎರಡನೆಯವರೇ ಅಲ್ವಾ? ಆಗ ಡೇರಿ ಇರಲಿಲ್ಲ, ಗುಂಡಿ ತುಂಬ್ತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಚಿರಂಜೀವಿಗೆ ನಗು ತಡೆಯಲಾಗಲಿಲ್ಲ. ಕದಿರಪ್ಪ ತುತ್ತು ಕೆಳಗಿಟ್ಟ.

"ನನ್ನ ಬಿಟ್ಟವಳೆ, ಪೂಜೆ ಮಾಡಕ್ಕೆ."

"ತಗೊಂಡ್ರೂ ಅವಳ ಇಷ್ಟ, ಬಿಟ್ರೂ ಅವಳ ಇಷ್ಟ ಅಂದ್ರೆ ಯಾವತ್ತಿಗೂ ನಿಮ್ಮ ಮಾತು ತಪ್ಪಾಗೋದೇ ಇಲ್ಲ ಮಾವ. ನನ್ನ ಮಾತು ತಪ್ಪಾಗಬಹುದು. ಎರಡು ಸಲ ಆಗಿದೆ. ಅದಕ್ಕೇ ನೀರನ್ನೇ ಕೇಳೋಣ ಅಂತೀನಿ."

ಅವಳು ಹೇಳಿದ್ದು ಇಷ್ಟು. ಸಗಣಿ ಗಂಜಲ ಕೊಳೆತ ಕಡೆ ನೈಟ್ರೇಟ್ ಎಂಬ ಉಪ್ಪು ಹುಟ್ಟಿ ನೆಲದೊಳಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರ ಮೈ ತಡೆದುಕೊಳ್ಳುತ್ತದೆ. ಹಸುಗೂಸಿನ ರಕ್ತ ಮಾತ್ರ ಅದರಿಂದ ಉಸಿರನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಸಾರು ಕುದಿಸಿದಷ್ಟೂ ಉಪ್ಪಾಗುವಂತೆ, ಆ ನೀರನ್ನು ಕುದಿಸಿದಷ್ಟೂ ಕೇಡು ಹೆಚ್ಚು. ಇದು ಬರಿಯ ಊಹೆ, ಅಳೆದು ನೋಡಬೇಕು. ಗಂಗಮ್ಮನ ಬಾವಿಯದು, ಊರಿನ ನಲ್ಲಿಯದು, ಉರಿಗಾಂನಲ್ಲಿ ಅಪ್ಪನ ಮನೆಯದು, ಮೂರು ಬಾಟಲಿ ನೀರನ್ನು ಕೋಲಾರಕ್ಕೆ ಕಳಿಸೋಣ. ಯಾವುದು ಯಾವ ನೀರೆಂದು ಅಲ್ಲಿಯವರಿಗೂ ತಿಳಿಯಬಾರದು, ತನಗೂ ತಿಳಿಯಬಾರದು. ತಿಳಿದರೆ ಮನಸ್ಸು ತನಗೆ ಬೇಕಾದ ಕಡೆಗೆ ಎಳೆಯುತ್ತದೆ. ಬಾವಿ ಚೆನ್ನಾಗಿದೆ ಎಂದು ಬಂದರೆ ತಾನೇ ಕೈಯಾರೆ ಮಗುವಿಗೆ ಗಂಗೆಹಾಲು ಕುಡಿಸುವುದಾಗಿ ಮಾತು ಕೊಟ್ಟಳು.

ಕದಿರಪ್ಪ ಒಪ್ಪಿದ. ಅವನಿಗೆ ಸೋಲುವ ಭಯವೇ ಇರಲಿಲ್ಲ.

"ಅತ್ತೆ, ನೀವು ಗುರುತು ಹಾಕಿ. ನಿಮ್ಮೊಬ್ಬರಿಗೇ ಗೊತ್ತಿರಲಿ" ಎಂದು ಶ್ಯಾಮಲ ಯಾವುದು ಯಾವ ನೀರೆಂದು ತಿಳಿಸಿ ಮೂರು ಬಾಟಲಿಯನ್ನೂ ಆಕೆಯ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತಳು. ಸೊಸೆ ತನ್ನನ್ನು ಇಷ್ಟು ನಂಬಿದ್ದಾಳೆಂದು ಮುನಿಗಂಗಮ್ಮನಿಗೆ ತಿಳಿದದ್ದು ಅದೇ ಮೊದಲು. ದೇವರ ಗೂಡಿನ ಮುಂದೆ ಕೂತು ನಲ್ಲಿಯ ನೀರಿಗೆ ವಿಭೂತಿ, ಉರಿಗಾಂ ನೀರಿಗೆ ಅರಿಶಿನ, ಗಂಗಮ್ಮನ ನೀರಿಗೆ ಕುಂಕುಮ ಹಚ್ಚಿದಳು. ಚಿರಂಜೀವಿ ತೆಗೆದುಕೊಂಡು ಹೋದ.

ಕೆಲವು ದಿನ ಕಳೆದು ಫೋನಿನಲ್ಲಿ ಉತ್ತರ ಬಂತು. ಮನೆಯಲ್ಲಿ ಎಲ್ಲರೂ ಇದ್ದರು. ಅರಿಶಿನ, ವಿಭೂತಿ ಹಚ್ಚಿದ ಬಾಟಲಿಗಳಲ್ಲಿ ದೋಷವಿಲ್ಲ. ಕುಂಕುಮದ ಬಾಟಲಿಯಲ್ಲಿ ನೈಟ್ರೇಟ್ ಇರಬಹುದಾದ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು, ಆ ನೀರನ್ನು ಹಸುಗೂಸಿಗೆ ತೋರಿಸಲೂಬಾರದು.

"ಅತ್ತೆ, ಕುಂಕುಮದ್ದು ಯಾವುದು?"

ಮುನಿಗಂಗಮ್ಮ ಬಾಯಿ ತೆರೆದಳು. ಆ ಕ್ಷಣದಲ್ಲಿ ಆಕೆಯ ಕಣ್ಣ ಮುಂದೆ ಬಂದದ್ದು ಮೊಮ್ಮಗನಲ್ಲ. ಒಳಲೆ ಹಿಡಿದ ತನ್ನ ಕೈ, ನೀಲಿ ತುಟಿ, ತುಟಿಯ ಅಂಚಿನಿಂದ ಜಾರಿದ ಹನಿ. ಬಾವಿ ಎಂದು ಒಂದು ಮಾತು ಹೇಳಿದರೆ ರೂಪ ಗಂಗಮ್ಮನ ಮಡಿಲಿನಿಂದ ಬೀಳುತ್ತಾಳೆ. ಆಗ ರೂಪನನ್ನು ಕೊಂದವರು ಯಾರು?

"ನಲ್ಲೀದು" ಎಂದಳು ಮುನಿಗಂಗಮ್ಮ.

ಕದಿರಪ್ಪ ಎದ್ದು ದೇವರ ಗೂಡಿಗೆ ಕೈಮುಗಿದ. ಶ್ಯಾಮಲ ಬಿಳುಚಿಕೊಂಡು ಬಾಣಂತಿ ಕೋಣೆಗೆ ಓಡಿ, ನಲ್ಲಿಯ ನೀರಿನಲ್ಲಿ ಕದಡಿಟ್ಟಿದ್ದ ಹಾಲನ್ನು ಮೋರಿಗೆ ಚೆಲ್ಲಿದಳು. ಇಷ್ಟು ದಿನ ತಾನೇ ಮಗುವಿಗೆ ವಿಷ ಕುಡಿಸುತ್ತಿದ್ದೆನೆಂದು ಅವಳು ನಂಬಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಅಂದಿನಿಂದಲೇ ಗಂಗೆಹಾಲಿಗೆ ಒಪ್ಪಿದಳು. ಆದರೂ ಒಂದೇ ಸಲದ ಪರೀಕ್ಷೆ ಸಾಲದು, ಬರುವ ವಾರ ಇನ್ನೊಮ್ಮೆ ನೀರು ಕಳಿಸಬೇಕು ಎಂದು ಗಂಡನಿಗೆ ಹೇಳಿದಳು. ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಅವಳಿಗೆ ಹೊಳೆಯಲೇ ಇಲ್ಲ. ಅತ್ತೆಯ ಮಾತು ಸುಳ್ಳಿರಬಹುದೆಂಬ ಒಂದು ಅನುಮಾನ ಮಾತ್ರ ಅವಳ ತಲೆಗೆ ಬರಲಿಲ್ಲ.

ಗಂಗೆಹಾಲನ್ನು ಬೆರೆಸಿದವಳು ಮುನಿಗಂಗಮ್ಮ. ಯಂತ್ರಕ್ಕೇನು ಗೊತ್ತು, ತಾಯಿಯ ನೀರು ಮಗುವನ್ನು ಕೊಂದೀತೇ ಎಂದು ತನಗೆ ತಾನೇ ಹೇಳಿಕೊಂಡಳು. ಪ್ರತಿ ಒಳಲೆಗೂ ಗಂಗಮ್ಮನ ಹೆಸರು ಹೇಳಿದಳು. ಆದರೆ ಮಗು ಕುಡಿದು ಮಲಗಿದ ಮೇಲೆ ಪದೇಪದೇ ಹೋಗಿ ತುಟಿ ನೋಡಿ ಬರುತ್ತಿದ್ದಳು. ದೇವರನ್ನು ನಂಬಿದವರು ಹಾಗೆ ಹೆದರುವುದಿಲ್ಲ. ಆಕೆ ಹೆದರಿದ್ದು ತನಗೆ ತಿಳಿದಿದ್ದ ಸತ್ಯಕ್ಕೆ.

ಒಂದು ಮಧ್ಯಾಹ್ನ ಹಸುಗಳಿಗೆ ನೀರು ತೋರಿಸಿ ಒಳಗೆ ಬಂದಾಗ ಶ್ಯಾಮಲ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ಉಗುರಿನ ಬುಡ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿಯ ಸುತ್ತ ನೀಲಿ. ಮಗು ಅಳುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡು ಸಣ್ಣಗೆ ಏದುತ್ತಿತ್ತು.

ಸುದ್ದಿ ಊರಿಗೆಲ್ಲ ಹರಡಿತು. ಹೆಂಗಸರು ಅಂಗಳ ತುಂಬಿದರು. ಯಾರೋ ಆಗಲೇ ಅರಿಶಿನ ಅರೆಯಲು ಕೂತಿದ್ದರು. ಚಿರಂಜೀವಿ ಆಸ್ಪತ್ರೆ ಎನ್ನುವಷ್ಟರಲ್ಲಿ ಕದಿರಪ್ಪ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣಿನಲ್ಲೂ ನೀರಿತ್ತು. ಗಂಗಮ್ಮ ಮುಟ್ಟಿದ ಮಗು ಗಡಿ ದಾಟಬಾರದು, ದಾಟಿಸಿದರೆ ಇದೂ ಉಳಿಯುವುದಿಲ್ಲ, ಸುಮಿತಾಗೂ ಕೇಡು ಎಂದ. ಚಿರಂಜೀವಿ ಅಪ್ಪನ ಮುಖ, ಹೆಂಡತಿಯ ಮುಖ ನೋಡುತ್ತ ನಿಂತುಬಿಟ್ಟ.

ಶ್ಯಾಮಲ ಅತ್ತೆಯ ಕಡೆ ತಿರುಗಿದಳು.

"ನಲ್ಲಿ ನೀರು ನಿಲ್ಲಿಸಿದೆ. ಬಾವಿ ನೀರು ಚೆನ್ನಾಗಿದೆ. ಮತ್ತೆ ಇದು ಯಾಕೆ ಅತ್ತೆ? ನಂಗೆ ಏನೂ ತಿಳೀತಿಲ್ಲ. ಡಾಕ್ಟರು ಕೇಳಿದ್ರೆ ಏನಂತ ಹೇಳಲಿ?"

ಕದಿರಪ್ಪ ತೀರ್ಥದ ತಂಬಿಗೆ, ಒಳಲೆ ತಂದು ಹೆಂಡತಿಯ ಕೈಗೆ ಕೊಟ್ಟ. "ಆಕು. ನೀನು ಅನುಭವಸ್ಥೆ" ಎಂದ.

ಮುನಿಗಂಗಮ್ಮ ಒಳಲೆಯನ್ನು ಮಗುವಿನ ಬಾಯಿಯ ತನಕ ಒಯ್ದಳು. ಮಗು ಬಾಯಿ ತೆರೆಯಿತು. ರೂಪ ಕೂಡ ಹೀಗೆಯೇ ತೆರೆದಿದ್ದಳು, ಕೊಡುವವಳು ಅಮ್ಮ ಎಂಬ ನಂಬಿಕೆಯಿಂದ. ಮುನಿಗಂಗಮ್ಮನ ಕೈ ಅಲ್ಲಿಗೇ ನಿಂತಿತು. ಒಳಲೆಯ ನೀರನ್ನು ನೆಲಕ್ಕೆ ಚೆಲ್ಲಿದಳು.

"ಕುಂಕುಮದ್ದು ಬಾವೀದು" ಎಂದಳು. "ನಾನು ಸುಳ್ಳು ಏಳ್ದೆ."

ಅಂಗಳದಲ್ಲಿ ಅರಿಶಿನ ಅರೆಯುವ ಸದ್ದು ನಿಂತಿತು. ಶ್ಯಾಮಲ ಮಗುವನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ನಡೆದಳು. ಕದಿರಪ್ಪ ಕದಲಲಿಲ್ಲ.

"ಏನೇ ಮಾತಾಡ್ತಿದ್ದೀಯ? ಗಡಿ ದಾಟಿದ್ರೆ..."

"ತಾಯಿ ಆಗಿದ್ರೆ ಅವಳೇ ದಾಟುಸ್ತಾಳೆ. ದಾಟುಸ್ದೆ ಓದ್ರೆ ಅಂಥವಳ ಪೂಜೆ ನಂಗೆ ಬ್ಯಾಡ. ದಾರಿ ಬಿಡು."

ಮದುವೆಯಾದಂದಿನಿಂದ ಮುನಿಗಂಗಮ್ಮ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. ಕದಿರಪ್ಪ ಪಕ್ಕಕ್ಕೆ ಸರಿದ. ಅಂಬಿಕ ಜನರನ್ನು ನೂಕಿಕೊಂಡು ಓಡಿ, ತನ್ನ ಗಂಡನ ಆಟೊ ಹೊರಡಿಸಿ ತಂದು ಅಂಗಳದ ಮುಂದೆ ನಿಲ್ಲಿಸಿದಳು. ಅತ್ತೆ ಸೊಸೆ ಹತ್ತಿದರು, ಚಿರಂಜೀವಿ ಬೈಕಿನಲ್ಲಿ ಹಿಂದೆ ಹೊರಟ. ಗಡಿಕಲ್ಲು ಯಾವಾಗ ಹಿಂದೆ ಹೋಯಿತೆಂದು ಆಟೊದಲ್ಲಿದ್ದ ಯಾರೂ ನೋಡಲಿಲ್ಲ.

ಬಂಗಾರಪೇಟೆಯಲ್ಲಿ ಆಮ್ಲಜನಕ ಹಾಕಿ, ಆಂಬುಲೆನ್ಸ್ ಕೊಟ್ಟು, ಕೋಲಾರದ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಶ್ಯಾಮಲ ಅತ್ತೆಯ ಮುಖ ನೋಡಲಿಲ್ಲ. ಮುನಿಗಂಗಮ್ಮ ಮಗುವಿನ ಪಾದ ಹಿಡಿದು ಕೂತಿದ್ದಳು. ಪಾದ ತಣ್ಣಗಿತ್ತು. ದೇವರ ಹೆಸರು ಬಾಯಿಗೆ ಬರುತ್ತಿತ್ತು, ಹೇಳಲು ಹೆದರಿಕೆಯಾಗಿ ನುಂಗಿಕೊಳ್ಳುತ್ತಿದ್ದಳು.

ಕೋಲಾರದಲ್ಲಿ ವಯಸ್ಸಾದ ವೈದ್ಯರೊಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಹೃದಯ ಸರಿಯಿದೆ, ಆಮ್ಲಜನಕ ಹೋಗುತ್ತಿದೆ, ಆದರೂ ಮಗುವಿನ ಬಣ್ಣ ತಿರುಗುತ್ತಿಲ್ಲ. ಎಳೆದ ರಕ್ತ ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿತ್ತು. ಏನು ಕುಡಿಸಿದಿರಿ ಎಂದು ಅವರು ಶ್ಯಾಮಲನನ್ನು ಕೇಳಿದರು.

ಮುನಿಗಂಗಮ್ಮ ಮುಂದೆ ಬಂದಳು. ಬಾವಿ, ಗುಂಡಿ, ಮೀಸಲು ಸಗಣಿ, ಕುಂಕುಮದ ಬಾಟಲಿ, ಫೋನಿನಲ್ಲಿ ಬಂದ ಉತ್ತರ, ತಾನು ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದಳು. ವೈದ್ಯರು ಬಯ್ಯಲಿಲ್ಲ. ಇದನ್ನು ಈಗ ಹೇಳಿದ್ದು ಒಳ್ಳೆಯದಾಯಿತು ತಾಯಿ, ಇದಕ್ಕೆ ಔಷಧಿ ಇದೆ ಎಂದು ನರ್ಸನ್ನು ಕೂಗಿದರು.

ಸಿರಿಂಜಿನಲ್ಲಿ ಬಂದ ಔಷಧಿ ಕಡುನೀಲಿ. ಅದನ್ನು ಕಂಡು ಮುನಿಗಂಗಮ್ಮ ಮಗುವಿನ ಮುಂದೆ ಕೈ ಅಡ್ಡ ಹಿಡಿದಳು. ಕೆಟ್ಟ ರಕ್ತವನ್ನು ಮತ್ತೆ ಉಸಿರು ಹೊರುವ ಹಾಗೆ ಮಾಡುವುದು ಅದೇ ಎಂದು ಶ್ಯಾಮಲ ಮೆಲ್ಲಗೆ ಹೇಳಿದಳು. ಊರು ಬಿಟ್ಟ ಮೇಲೆ ಅವಳು ಅತ್ತೆಯೊಂದಿಗೆ ಆಡಿದ ಮೊದಲ ಮಾತು ಅದು.

ಔಷಧಿ ನಿಧಾನವಾಗಿ ಇಳಿಯಿತು. ಅತ್ತೆ ಸೊಸೆ ಇಬ್ಬರೂ ಮಂಚದ ಆಚೆ ಈಚೆ ನಿಂತು ನೋಡಿದರು. ಮೊದಲು ಕಿವಿಯ ತುದಿ, ಆಮೇಲೆ ತುಟಿ, ಆಮೇಲೆ ಉಗುರು. ಬೂದಿ ಮುಚ್ಚಿದ ಕೆಂಡವನ್ನು ಊದಿದಂತೆ ಒಳಗಿನಿಂದ ಕೆಂಪು ಮೇಲಕ್ಕೆ ಬಂತು. ಒಂದು ಗಂಟೆಯೂ ಹಿಡಿಯಲಿಲ್ಲ. ಮಗು ಕಾಲು ಒದ್ದು, ಹಸಿವಿನಿಂದ ಕಿರುಚಿ ಅತ್ತಿತು. ಶ್ಯಾಮಲ ಮಂಚಕ್ಕೆ ತಲೆಯಾನಿಸಿ ಕುಸಿದಳು.

ಮುನಿಗಂಗಮ್ಮ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ಇಷ್ಟೇನಾ ಎಂದುಕೊಂಡಳು. ಒಂದು ಗಂಟೆ. ಒಂದು ಸೂಜಿ. ಗಡಿಕಲ್ಲಿನಿಂದ ಇತ್ತ ಬರಬೇಕಿತ್ತು, ಆ ನೀರನ್ನು ನಿಲ್ಲಿಸಬೇಕಿತ್ತು. ಇಷ್ಟು ವರ್ಷ ಯಾರ ಮಡಿಲಲ್ಲಿ ಮಗಳನ್ನಿಟ್ಟು ಸಮಾಧಾನಪಟ್ಟುಕೊಂಡಿದ್ದಳೋ ಆ ಮಡಿಲು ಬರಿದಾಯಿತು. ಆಗ ಆಕೆಯ ಗಂಟಲಿನಿಂದ ಬಂದ ಕೂಗಿಗೆ ಮೊಗಸಾಲೆಯಲ್ಲಿದ್ದವರೆಲ್ಲ ಎದ್ದು ನಿಂತರು.

ಅವರ ಹಿಂದೆಯೇ ಬಸ್ಸು ಹಿಡಿದು ಬಂದ ಕದಿರಪ್ಪ ಮೆಟ್ಟಿಲು ಹತ್ತುತ್ತಿರುವಾಗಲೇ ಹೆಂಡತಿಯ ದನಿ ಗುರುತಿಸಿದ. ಆಮೇಲೆ ಗೋಡೆ ಹಿಡಿದುಕೊಂಡು ಹತ್ತಿರ ಬಂದ.

"ಮಗು ಓಯ್ತಾ?"

"ಇಲ್ಲ. ಅವನು ಬದುಕವನೆ. ಒಳಗೆ ಅಳ್ತಾವನೆ, ಕೇಳ್ಸಲ್ವಾ?"

"ಮತ್ತೆ ನೀನ್ಯಾಕೆ ಅಳ್ತಿದ್ದೀಯ?"

"ರೂಪ ಸತ್ತೋದ್ಲು."

ಒಳಗಿನಿಂದ ಮೊಮ್ಮಗನ ಅಳು ಕೇಳುತ್ತಲೇ ಇತ್ತು. ಕದಿರಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡು, ಸಾವಿನ ಮನೆಗೆ ಬಂದವನಂತೆ ಹೆಂಡತಿಯ ಪಕ್ಕ ನೆಲದ ಮೇಲೆ ಕೂತ.